ಜಗತ್ತು ಬರಲಿ, ಕನ್ನಡ ಕಲಿತು ಬರಲಿ!

ಗೆಳೆಯರೇ, ನಿಮ್ಮಲ್ಲಿ ಹಲವರು ಆಗಿನ್ನೂ ಹುಟ್ಟಿರಲಿಕ್ಕಿಲ್ಲ. 1996ರ ಜನವರಿಯಲ್ಲಿ ಬೆಂಗಳೂರಿನ ಕೆಂಟಕಿ ಚಿಕನ್ ಅಂಗಡಿಗೆ ರೈತ ಸಂಘದವರು ನುಗ್ಗಿದರು. ಅದೇ ನವೆಂಬರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ. ಸುತ್ತ ಪೊಲೀಸರ ಕೋಟೆ, ಬೀದಿಯಲ್ಲಿ 'ಸಂಸ್ಕೃತಿ ಮುಳುಗಿತು' ಎಂಬ ಕೂಗು!

ಮುಳುಗಿತೇ? ಬೀಜ, ಬಂಡವಾಳದ ಬಗ್ಗೆ ರೈತ ಸಂಘ ಎತ್ತಿದ ಪ್ರಶ್ನೆ ಬೇರೆ. ಅದು ಇಂದಿಗೂ ಜೀವಂತ. ಆದರೆ ಕೋಳಿ ತಿಂದು ಯಾರ ಕನ್ನಡವೂ ಕೆಡಲಿಲ್ಲ.

ನಿಮ್ಮ ಅಡುಗೆಮನೆಯನ್ನೇ ನೋಡಿ. ಮೆಣಸಿನಕಾಯಿ ನಮ್ಮದಲ್ಲ ಸ್ವಾಮಿ! ಅಮೆರಿಕ ಖಂಡದ ಬೆಳೆ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಹಿರಿಯರು ಅದನ್ನು ಓಡಿಸಲಿಲ್ಲ. ಗೊತ್ತಿದ್ದ ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದರು, ಹೊಲದಲ್ಲಿ ಬೆಳೆದರು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ ಮಾನ್ಯತೆಯೇ ಸಿಕ್ಕಿತು. ಬಿ.ಎಂ.ಶ್ರೀ. 1926ರಲ್ಲಿ 'ಇಂಗ್ಲಿಷ್ ಗೀತಗಳು' ಕೊಟ್ಟಾಗ ಮಾಡಿದ್ದೂ ಇದನ್ನೇ. ಹೊರಗಿನದು ಬಂತು, ಕನ್ನಡ ಮಾತಾಡಿತು, ಮನೆಯವನಾಯಿತು.

ನಾವೇನು ಮಾಡಿದೆವು? ನಮ್ಮ ಬೆನ್ನು ನಮಗೆ ಕಾಣುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. 1960ರ ದಶಕದಲ್ಲಿ ಅ.ನ.ಕೃ. ಮುಂತಾದವರು ಡಬ್ಬಿಂಗ್ ಬೇಡವೆಂದಾಗ ಕಾರಣವಿತ್ತು. ನಮ್ಮ ಚಿತ್ರೋದ್ಯಮ ಮದರಾಸಿನ ಸ್ಟುಡಿಯೋಗಳ ನೆರಳಿನಲ್ಲಿತ್ತು, ನಮ್ಮ ಕಲಾವಿದರಿಗೆ ಅನ್ನ ಹುಟ್ಟಬೇಕಿತ್ತು. ಸರಿ. ಆದರೆ ಉದ್ಯಮ ಬಲಿತು ನಿಂತ ಮೇಲೂ ಅದೇ ಬೇಲಿಯೇ? 2012ರಲ್ಲಿ 'ಸತ್ಯಮೇವ ಜಯತೆ' ಹಲವು ಭಾಷೆಗಳಲ್ಲಿ ಬಂತು, ಕನ್ನಡದಲ್ಲಿ ಪ್ರಸಾರವಾಗಲಿಲ್ಲ. ಕನ್ನಡಿಗ ಹಿಂದಿಯಲ್ಲಿ ನೋಡಿದ! 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಚಲನಚಿತ್ರ ಸಂಘಟನೆಗಳಿಗೆ ದಂಡ ವಿಧಿಸಿದ ಮೇಲಷ್ಟೇ ಬೇಲಿ ಸಡಿಲವಾಯಿತು. ಅಲ್ಲಿಯವರೆಗೆ ಹಾಲಿವುಡ್ ಬರುತ್ತಲೇ ಇತ್ತು. ಅದು ಕನ್ನಡ ಮಾತಾಡುವುದನ್ನು ಮಾತ್ರ ನಾವು ತಡೆದಿದ್ದೆವು.

ನಮ್ಮ 'ಕೆಜಿಎಫ್' 2018ರಲ್ಲಿ, 'ಕಾಂತಾರ' 2022ರಲ್ಲಿ ಹಿಂದಿ, ತೆಲುಗಿಗೆ ಡಬ್ ಆಗಿ ಹೊರಟಾಗ ಶಿಳ್ಳೆ ಹೊಡೆದವರೂ ನಾವೇ. 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತಾರಾಷ್ಟ್ರೀಯ ಬೂಕರ್ ಗೆದ್ದವು. ಬರೆದದ್ದು ಅಪ್ಪಟ ಕನ್ನಡದಲ್ಲಿ! ಲೋಕದ ಬಾಗಿಲು ಎರಡು ಕಡೆಗೂ ತೆರೆಯುತ್ತದೆ ಕಣ್ರೀ.

ಹಾಗಾದರೆ ನಷ್ಟವೇ ಇಲ್ಲವೇ? ಇದೆ. ಪಿಜ್ಜಾದಲ್ಲಿ, ಜೀನ್ಸಿನಲ್ಲಿ ಹುಡುಕಬೇಡಿ. ಕಳೆದ ಸಲ ಹೋದ ಮದುವೆಯನ್ನು ನೆನೆಯಿರಿ. ಅರಿಶಿಣ ಶಾಸ್ತ್ರ 'ಹಲ್ದಿ' ಆಗಿತ್ತು. ಹಿಂದಿನ ರಾತ್ರಿ 'ಸಂಗೀತ್'. ಹಳದಿ ಬಟ್ಟೆ ತೊಟ್ಟು ಮುಂಬಯಿ ಹಾಡಿಗೆ ಕುಣಿದವರಲ್ಲಿ ನೀವೂ ಇದ್ದಿರಿ. ಕುಣಿಯಿರಿ, ಬೇಡವೆನ್ನುವುದಿಲ್ಲ. ಆದರೆ ಸೋಬಾನೆ ಪದ ಬಲ್ಲ ಅಜ್ಜಿ ಅದೇ ಛತ್ರದ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು, ಒಂದು ಪದ ಹೇಳಿ ಎಂದು ಯಾರೂ ಕೇಳಲಿಲ್ಲ. ಇದನ್ನು ಅಮೆರಿಕ ಮಾಡಲಿಲ್ಲ, ಯಾವ ಕಂಪನಿಯೂ ಮಾಡಲಿಲ್ಲ. ಆ ಪದಗಳು ಬಹುಪಾಲು ಪುಸ್ತಕದಲ್ಲಿಲ್ಲ, ಆ ತಾಯಂದಿರ ಬಾಯಲ್ಲಿವೆ. ಅವರು ಹೋದರೆ ಜೊತೆಗೇ ಹೋಗುತ್ತವೆ.

ಫೋನಿನಲ್ಲಿ ಇಂಗ್ಲಿಷ್ ಸಿನಿಮಾ ಹಾಕಿದಾಗ ಕನ್ನಡ ಧ್ವನಿ ಇದೆಯೇ ನೋಡಿ, ಇಲ್ಲದಿದ್ದರೆ ಬರೆದು ಕೇಳಿ. ಮುಂದಿನ ಮದುವೆಯಲ್ಲಿ ಡಿಜೆಯನ್ನು ಅರ್ಧ ಗಂಟೆ ನಿಲ್ಲಿಸಿ, ಅಜ್ಜಿಯ ಕೈಗೆ ಮೈಕು ಕೊಡಿ. ರೆಕಾರ್ಡ್ ಮಾಡಿಕೊಳ್ಳುವುದನ್ನು ಮರೆಯಬೇಡಿ.