ಹತ್ತಿರದ ದಾರಿ, ಮನೆಯ ಮಂದಿ, ಸಣ್ಣ ಸಂತೋಷ

ಸಂಸಾರವೆಂಬುದು ಹೊರೆ, ಅದರಲ್ಲಿ ಆನಂದವನ್ನು ಅರಸುವುದು ಭ್ರಮೆ ಎಂಬ ಮಾತನ್ನು ಭಕ್ತರಲ್ಲಿ ಅನೇಕರು ನಂಬಿದ್ದಾರೆ. ಮಠದ ಅಂಗಳದಲ್ಲಿ ದೊರೆಯುವ ನೆಮ್ಮದಿ ಮನೆಯ ಪಡಸಾಲೆಯಲ್ಲಿ ದೊರೆಯದೆಂದು ನಿಟ್ಟುಸಿರಿಡುವವರೂ ಉಂಟು. ಆದರೆ ಶರಣರ ಬದುಕನ್ನು ನೋಡಿದರೆ ಈ ಮಾತು ಅರ್ಧಸತ್ಯವೆಂಬುದು ತಿಳಿಯುತ್ತದೆ. ಅಲ್ಲಮಪ್ರಭು, ಅಕ್ಕಮಹಾದೇವಿಯರಂತಹ ವಿರಾಗಿಗಳನ್ನು ಗೌರವಿಸಿದ ಪರಂಪರೆಯೇ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ, ಮೋಳಿಗೆ ಮಾರಯ್ಯ ಮತ್ತು ಮಹಾದೇವಿ, ಜೇಡರ ದಾಸಿಮಯ್ಯ ಮತ್ತು ದುಗ್ಗಳೆಯಂತಹ ದಂಪತಿಗಳನ್ನೂ ಗೌರವಿಸಿತು. ಇವರಲ್ಲಿ ಗಂಡನಂತೆ ಹೆಂಡತಿಯೂ ವಚನಗಳನ್ನು ರಚಿಸಿದಳು. ಅಕ್ಕಿ ಆಯುವ, ಸೌದೆ ಹೊರುವ, ನೂಲು ನೇಯುವ ಮನೆಗಳಲ್ಲಿಯೇ ಅನುಭಾವ ಅರಳಿತು. ಮನೆಯನ್ನು ಬಿಟ್ಟಲ್ಲದೆ ಆನಂದವಿಲ್ಲವೆಂದು ಇವರು ಬಗೆಯಲಿಲ್ಲ.

ಇಂದಿನ ಗೃಹಸ್ಥರ ಕಷ್ಟ ಬೇರೆ ಬಗೆಯದು. ಆನಂದವನ್ನು ಅವರು ಬಿಟ್ಟಿಲ್ಲ, ದೂರಕ್ಕೆ ತಳ್ಳಿದ್ದಾರೆ. ಮಕ್ಕಳ ಓದು ಮುಗಿಯಲಿ, ಮನೆಯ ಸಾಲ ತೀರಲಿ, ಆಮೇಲೆ ಎಲ್ಲರೂ ಕೂಡಿ ಕಾಶಿಗೋ ಕೇದಾರಕ್ಕೋ ಹೋದರಾಯಿತು ಎಂದುಕೊಳ್ಳುತ್ತಾರೆ. ಆ ದಿನ ಬರುವ ವೇಳೆಗೆ ಅಜ್ಜನ ಮೊಣಕಾಲು ಸಾಗದು, ಮಗ ಬೆಂಗಳೂರು ಸೇರಿರುತ್ತಾನೆ. ಕಾಶಿಯ ಮಾತಿರಲಿ, ಹತ್ತು ಹರಿದಾರಿಯ ಒಳಗಿರುವ ಕೆರೆಯನ್ನೂ ಆ ಮನೆಯವರು ಒಟ್ಟಾಗಿ ಕಂಡಿರುವುದಿಲ್ಲ.

ದಾವಣಗೆರೆ ಜಿಲ್ಲೆಯ ಒಂದು ಮನೆಯವರು ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ಚನ್ನಗಿರಿಯ ಕಡೆಗೆ ಹೊರಟರೆನ್ನಿ. ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ ಆ ಊರಿಗೆ ಆ ಹೆಸರು ಬಂದಿತು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು, ಔರಂಗಜೇಬನ ಕೋಪಕ್ಕೆ ಅಂಜದೆ ನಿಂತ ಮಹಾತಾಯಿ ಆಕೆ. ಬಸ್ಸಿನ ಹಲಗೆಯ ಮೇಲೆ ದಿನವೂ ಓದುವ ಹೆಸರು ಒಬ್ಬ ಹೆಣ್ಣುಮಗಳ ಹೆಸರೆಂದು ತಿಳಿದಾಗ ಆ ಮನೆಯ ಹುಡುಗಿಯ ಕಣ್ಣರಳುವುದನ್ನು ನೋಡಬೇಕು. ಅಲ್ಲಿಂದ ಸಂತೇಬೆನ್ನೂರಿಗೆ ಹೋದರೆ ಪಾಳೆಯಗಾರ ಕೆಂಗ ಹನುಮಪ್ಪನಾಯಕನು ಕಟ್ಟಿಸಿದ ಪುಷ್ಕರಣಿಯಿದೆ. ಕೊಳದ ನಡುವೆ ವಸಂತ ಮಂಟಪ, ಮಗ್ಗುಲಲ್ಲಿ ಮುಸಾಫಿರಖಾನೆ. ಮುಸಾಫಿರನೆಂದರೆ ದಾರಿಹೋಕ. ನೀರಿನ ಅಂಚಿನಲ್ಲಿ ದಾರಿಹೋಕನಿಗೊಂದು ನೆಲೆ ಇರಲೆಂಬ ಭಾವ ದಾಸೋಹದ ಭಾವಕ್ಕೆ ದೂರದ್ದಲ್ಲ.

ಬಳಿಕ ಆ ಮನೆಯವರು ಶಾಂತಿಸಾಗರದ ಏರಿಯ ಮೇಲೆ ನಿಲ್ಲುತ್ತಾರೆ. ಕಣ್ಣು ಹಾಯುವಷ್ಟು ದೂರ ನೀರು. ಚಿತ್ರದುರ್ಗದ ಮನೆಗಳಿಗೂ ಕುಡಿಯಲು ಹೋಗುವ ನೀರು ಇದು. ಅಜ್ಜಿ ಮಾತ್ರ ಅದನ್ನು ಸೂಳೆಕೆರೆ ಎನ್ನುತ್ತಾಳೆ. ಮೊಮ್ಮಗು ಆ ಹೆಸರೇಕೆ ಬಂದಿತೆಂದು ಕೇಳುತ್ತದೆ. ತಂದೆ ಮುಜುಗರದಿಂದ ಮಾತು ಮರೆಸಲು ನೋಡುತ್ತಾನೆ. ಅಜ್ಜಿ ಮರೆಸುವುದಿಲ್ಲ. ಶಾಂತವ್ವೆಯೆಂಬ ರಾಜಕುಮಾರಿ ಕೆರೆ ಕಟ್ಟಿಸಲು ಹೊರಟಾಗ ಆ ನೆಲದಲ್ಲಿ ವೇಶ್ಯೆಯರು ನೆಲೆಸಿದ್ದರೆಂದೂ, ಕೆರೆಗೆ ತಮ್ಮ ಹೆಸರಿರಬೇಕೆಂಬ ಒಂದೇ ಷರತ್ತಿನ ಮೇಲೆ ಅವರು ನೆಲವನ್ನು ಬಿಟ್ಟುಕೊಟ್ಟರೆಂದೂ ಆಕೆ ಕಥೆ ಹೇಳುತ್ತಾಳೆ.

ಇದು ಜನರ ಬಾಯಲ್ಲಿ ಉಳಿದ ಐತಿಹ್ಯ. ಇದನ್ನು ಶಾಸನದಂತೆ ಓದಬೇಕಿಲ್ಲ. ಆದರೆ ಇದರ ತಿರುಳನ್ನು ಶರಣರ ಮಕ್ಕಳು ಗುರುತಿಸದಿರಲಾಗದು. ವಚನಕಾರ್ತಿಯರ ಸಾಲಿನಲ್ಲಿ ಸೂಳೆ ಸಂಕವ್ವೆ ಎಂಬಾಕೆಯಿದ್ದಾಳೆ. ಆಕೆಯ ಅಂಕಿತ ನಿರ್ಲಜ್ಜೇಶ್ವರ. ಲೋಕವು ನಾಚಿಕೆಗೇಡೆಂದ ವೃತ್ತಿಯಿಂದ ಬಂದವಳು ನಾಚಿಕೆಯ ಸೋಂಕಿಲ್ಲದ ದೇವನನ್ನು ಕಂಡಳು. ಶರಣರು ಆಕೆಯನ್ನು ಹೊರಗಿಡಲಿಲ್ಲ, ಆಕೆಯ ಪೂರ್ವದ ಹೆಸರನ್ನು ತೊಡೆದುಹಾಕಲೂ ಇಲ್ಲ. ಊರಿಗೆಲ್ಲ ನೀರು ಕೊಟ್ಟವರು ಕೇಳಿದ್ದು ತಮ್ಮ ಹೆಸರು ಉಳಿಯಲೆಂಬುದನ್ನಷ್ಟೆ ಎನ್ನುವ ಕಥೆಗೂ, ಸಂಕವ್ವೆಯ ಅಂಕಿತಕ್ಕೂ ಒಳಗಿನ ನಂಟಿದೆ. ಪುಸ್ತಕದಲ್ಲಿ ಹತ್ತು ಸಲ ಓದಿದರೂ ಹೊಳೆಯದ ಈ ನಂಟು ಕೆರೆಯ ಏರಿಯ ಮೇಲೆ, ಅಜ್ಜಿಯ ಬಾಯಿಂದ, ಮಗುವಿನ ಒಂದು ಪ್ರಶ್ನೆಯಿಂದ ಹೊಳೆಯುತ್ತದೆ. ಅಜ್ಜಿ ಆ ದಿನ ಮನೆಯಲ್ಲಿಯೇ ಉಳಿದಿದ್ದರೆ ಕೆರೆ ಬರಿಯ ನೀರಾಗಿ ಕಾಣುತ್ತಿತ್ತು. ಮನೆಮಂದಿ ಕೂಡಿ ಹೋಗುವುದರ ಬೆಲೆ ಇಲ್ಲಿದೆ.

ಇನ್ನೊಂದು ಭಾನುವಾರ ಹೊನ್ನಾಳಿ, ನ್ಯಾಮತಿಗಳ ದಾರಿ ಹಿಡಿಯಬಹುದು. ಕೂಡಲಿಯಲ್ಲಿ ಒಂದಾದ ತುಂಗೆ ಮತ್ತು ಭದ್ರೆಯರು ಹೊನ್ನಾಳಿಯ ವೇಳೆಗೆ ಒಂದೇ ಹೆಸರಿನ ನದಿಯಾಗಿ ಹರಿಯುತ್ತಾರೆ. ಯಾವುದು ತುಂಗೆಯ ನೀರು, ಯಾವುದು ಭದ್ರೆಯ ನೀರು ಎಂದು ಅಲ್ಲಿ ವಿಂಗಡಿಸಬಲ್ಲವರಿಲ್ಲ. ಸತಿಪತಿಗಳ ಒಂದಾದ ಭಕ್ತಿಯನ್ನು ಮಕ್ಕಳಿಗೆ ವಿವರಿಸಲು ಇದಕ್ಕಿಂತ ಸುಲಭದ ಉಪಮೆ ಬೇಕಿಲ್ಲ. ಹಿಂದೆ ಹೊನ್ನಾಳಿಗೆ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ನ್ಯಾಮತಿಯಲ್ಲಿ ಸೂರಗೊಂಡನಕೊಪ್ಪವಿದೆ. ಬಂಜಾರರ ಗುರು ಸಂತ ಸೇವಾಲಾಲರು 1739ರಲ್ಲಿ ಜನಿಸಿದ ಸ್ಥಳವೆಂದು ಅದನ್ನು ಪೂಜಿಸುತ್ತಾರೆ. ಪ್ರತಿ ಫೆಬ್ರವರಿಯಲ್ಲಿ ಬೇರೆ ರಾಜ್ಯಗಳಿಂದಲೂ ಭಕ್ತರು ಬರುತ್ತಾರೆ, ಎಷ್ಟೋ ಮಂದಿ ನಡೆದೇ ಬರುತ್ತಾರೆ. ನೆರೆಯ ತಾಂಡಾದವರ ಶ್ರದ್ಧೆಯನ್ನು ಅವರ ನೆಲದಲ್ಲಿ ನಿಂತು ಕಂಡ ಮಗು ಮುಂದೆ ಅವರನ್ನು ಕೀಳಾಗಿ ಕಾಣದು. ಎಲ್ಲರನ್ನೂ ನಮ್ಮವರೆನ್ನುವ ಪಾಠ ಹೀಗೆ ಕಾಲ್ನಡಿಗೆಯಲ್ಲಿ ಬರುವಂಥದ್ದು.

ಜಗಳೂರಿನ ಕಡೆಗೆ ಹೋದರೆ ನೋಟವೇ ಬದಲಾಗುತ್ತದೆ. ಚನ್ನಗಿರಿಯ ಅಡಿಕೆ ತೋಟಗಳ ನೆರಳು ಅಲ್ಲಿಲ್ಲ. ಅದು ಬರವನ್ನು ಉಂಡು ಬೆಳೆದ ಸೀಮೆ. ಅಲ್ಲಿಯ ರಂಗಯ್ಯನದುರ್ಗದ ಕಾಡನ್ನು 2011ರಲ್ಲಿ ಕೊಂಡುಕುರಿಗಳಿಗಾಗಿ ವನ್ಯಧಾಮವೆಂದು ಘೋಷಿಸಲಾಯಿತು. ಗಂಡು ಕೊಂಡುಕುರಿಗೆ ನಾಲ್ಕು ಕೊಂಬು. ಅದು ಬಲು ನಾಚಿಕೆಯ ಪ್ರಾಣಿ. ಹೋದವರಿಗೆಲ್ಲ ಕಾಣುವುದಿಲ್ಲ. ಕಾಣದೆ ಹಿಂದಿರುಗಿದರೂ ಕುರುಚಲು ಕಾಡಿನಲ್ಲಿ ಅದು ಇದೆಯೆಂಬ ಅರಿವು ಜೊತೆಗೆ ಬರುತ್ತದೆ. ಈ ತಾಲ್ಲೂಕಿನ 57 ಕೆರೆಗಳಿಗೆ ಹರಿಹರದ ದೀಟೂರಿನಿಂದ ತುಂಗಭದ್ರೆಯ ನೀರನ್ನು ಹರಿಸುವ ಯೋಜನೆಯೂ ಬಂದಿತು. ಹೊನ್ನಾಳಿಯಲ್ಲಿ ಕಂಡ ಅದೇ ಹೊಳೆ ಜಗಳೂರಿನ ಒಣಕೆರೆಗೆ ಇಳಿಯುವುದನ್ನು ಬಲ್ಲ ಮಗು ಒಂದು ಲೋಟ ನೀರನ್ನು ಚೆಲ್ಲುವ ಮುನ್ನ ಯೋಚಿಸುತ್ತದೆ. ಪ್ರಸಾದವೆಂದರೇನೆಂದು ಅದಕ್ಕೆ ಬೇರೆ ಹೇಳಬೇಕಿಲ್ಲ.

ಈ ಮಾತಿಗೆ ಆಕ್ಷೇಪಗಳಿವೆ. ಹಟ್ಟಿಯಲ್ಲಿ ದನ ಕಟ್ಟಿದ ರೈತ, ದಿನಗೂಲಿಯ ಕಾರ್ಮಿಕ ತಿರುಗಾಟಕ್ಕೆ ಹೋಗಲು ಸಾಧ್ಯವೆ? ಪ್ರಶ್ನೆ ನ್ಯಾಯವಾದುದು. ಆದುದರಿಂದಲೇ ದೂರದ ಯಾತ್ರೆಗಿಂತ ಹತ್ತಿರದ ದಾರಿಯನ್ನು ಹೇಳಬೇಕಾಗಿದೆ. ಬೆಳಿಗ್ಗೆ ಹಾಲು ಕರೆದು ಹೊರಟು, ಸಂಜೆ ಹಾಲು ಕರೆಯುವ ಹೊತ್ತಿಗೆ ಹಿಂದಿರುಗಬಹುದಾದ ಪಯಣ ಇದು. ಬಸ್ಸಿನ ಚೀಟಿ, ರೊಟ್ಟಿ, ಶೇಂಗಾ ಚಟ್ನಿಯಷ್ಟೇ ಇದರ ಖರ್ಚು.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಎಲ್ಲರೂ ನಲಿಯುವ ಆ ದಿನಕ್ಕಾಗಿ ನಸುಕಿನ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿಯುವವಳು ಮನೆಯ ತಾಯಿ. ಹಿಂದಿರುಗಿದ ಮೇಲೆ ಉಳಿದವರು ಆಯಾಸವೆಂದು ಮಲಗುತ್ತಾರೆ, ಆಕೆ ಪಾತ್ರೆ ತೊಳೆಯುತ್ತಾಳೆ. ಒಬ್ಬಳ ದಣಿವಿನ ಮೇಲೆ ಉಳಿದವರು ಕಟ್ಟಿಕೊಂಡ ಸಂತೋಷವನ್ನು ಕುಟುಂಬದ ಸಂತೋಷವೆಂದು ಕರೆಯುವುದು ಸಲ್ಲದು. ಕಾಯಕವನ್ನು ಹಂಚಿಕೊಳ್ಳದ ಮನೆಯಲ್ಲಿ ಆನಂದವನ್ನು ಹಂಚಿಕೊಳ್ಳಲಾಗದು. ರೊಟ್ಟಿ ಬಡಿಯಲು, ಪಾತ್ರೆ ತೊಳೆಯಲು ಗಂಡನ ಮತ್ತು ಮಕ್ಕಳ ಕೈಗಳೂ ಕೂಡಿದಾಗಲೇ ಆ ಪಯಣ ಶರಣರ ಮನೆಯ ಪಯಣವೆನಿಸುತ್ತದೆ.

ಮತ್ತೊಂದು ಎಚ್ಚರವೂ ಬೇಕು. ಒಮ್ಮೆ ಮಾರಯ್ಯನು ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗ ಭಕ್ತರಿಗೆಲ್ಲ ತಿಳಿದುದೆ. ಸಂತೋಷದ ವಿಷಯದಲ್ಲಿಯೂ ಆ ಅತಿಯಾಸೆ ನುಸುಳುತ್ತದೆ. ಒಂದೇ ದಿನ ನಾಲ್ಕು ತಾಲ್ಲೂಕು ಸುತ್ತಿ, ಎಲ್ಲ ಕಡೆಯೂ ಚಿತ್ರ ತೆಗೆದುಕೊಂಡು, ಯಾವುದನ್ನೂ ನೋಡದೆ ಬರುವವರು ಬೇಡದ ಅಕ್ಕಿಯನ್ನು ಹೊತ್ತು ತಂದವರು. ಒಂದು ದಿನಕ್ಕೆ ಒಂದು ಕೆರೆ ಸಾಕು, ಹಿರಿಯರ ಒಂದು ಕಥೆ ಸಾಕು.

ಶರಣರು ನಿಂತದ್ದನ್ನು ಸ್ಥಾವರವೆಂದರು, ಚಲಿಸುವುದನ್ನು ಜಂಗಮವೆಂದರು. ಮಾತು ನಿಂತುಹೋದ ಮನೆಯೂ ಸ್ಥಾವರವೇ. ಅದೇ ಮನೆಯವರು ಕೈಹಿಡಿದು ಹೊಸಿಲು ದಾಟಿ, ನೆರೆಯ ಊರನ್ನು ಕಂಡು, ಒಬ್ಬರನ್ನೊಬ್ಬರು ಕೇಳುತ್ತ ನಡೆದರೆ ಅಲ್ಲಿ ಜಂಗಮದ ಕಳೆ ಮೂಡುತ್ತದೆ. ಆ ನಡಿಗೆಗೆ ಮುಹೂರ್ತ ಬೇಕಿಲ್ಲ. ಅಜ್ಜಿಗೆ ಏರಿ ಹತ್ತುವ ಶಕ್ತಿ ಇರುವಾಗ, ಮಗುವಿಗೆ ಪ್ರಶ್ನೆ ಕೇಳುವ ಮನಸ್ಸು ಇರುವಾಗ ಹೊರಡಬೇಕು. ಇವೆರಡೂ ಬಹುಕಾಲ ಕಾಯುವುದಿಲ್ಲ.