ಮಾಲೀಕ ಮುಂಬೈನಲ್ಲಿ, ಅತಿಥಿ ಮಲೆನಾಡಿನಲ್ಲಿ: ಹೋಂಸ್ಟೇಗೆ ಕೋ-ಹೋಸ್ಟ್ ಇಟ್ಟರೆ ಹೊಣೆ ಯಾರದು?

ಅಪ್ಪ-ಅಮ್ಮ ಇದ್ದಷ್ಟು ದಿನ ಊರಿನ ಮನೆಗೆ ಬೀಗ ಬೀಳಲಿಲ್ಲ. ಈಗ ಮಕ್ಕಳೆಲ್ಲ ಥಾಣೆ, ಪುಣೆ, ಹೈದರಾಬಾದ್‌ಗಳಲ್ಲಿ. ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆ ಹೀಗೆ ಖಾಲಿ ಬಿದ್ದ ಮನೆಗಳು ಒಂದೊಂದಾಗಿ ಹೋಂಸ್ಟೇಗಳಾಗುತ್ತಿವೆ. ಬುಕಿಂಗ್ ಮೊಬೈಲ್‌ನಲ್ಲೇ ಬರುತ್ತದೆ, ಹಣ ನೇರ ಬ್ಯಾಂಕ್ ಖಾತೆಗೆ ಬೀಳುತ್ತದೆ. ಆದರೆ ಬಾಗಿಲು ತೆರೆಯಲು, ಹಾಸಿಗೆಯ ಹೊದಿಕೆ ಬದಲಿಸಲು, ರಾತ್ರಿ ಕರೆಂಟ್ ಹೋದರೆ ಓಡಿ ಬರಲು ಸ್ಥಳದಲ್ಲಿ ಒಬ್ಬರು ಬೇಕೇ ಬೇಕು. ಆ ಒಬ್ಬರಿಗೆ ಈಗ ಬಂದಿರುವ ಹೆಸರು ಕೋ-ಹೋಸ್ಟ್.

ಹೆಸರು ಏರ್‌ಬಿಎನ್‌ಬಿಯಂಥ ವೇದಿಕೆಗಳಿಂದ ಬಂದದ್ದು. ಮಾಲೀಕರ ಪರವಾಗಿ ಅತಿಥಿಗಳ ಜೊತೆ ಮಾತನಾಡುವ, ಕ್ಯಾಲೆಂಡರ್ ನೋಡಿಕೊಳ್ಳುವ, ಸ್ವಚ್ಛತೆ ಮಾಡಿಸುವ ವ್ಯಕ್ತಿ ಎಂದರ್ಥ. 2024ರ ಅಕ್ಟೋಬರ್‌ನಲ್ಲಿ ಏರ್‌ಬಿಎನ್‌ಬಿ ಇದಕ್ಕೆಂದೇ 'ಕೋ-ಹೋಸ್ಟ್ ನೆಟ್‌ವರ್ಕ್' ಆರಂಭಿಸಿತು. ಅಮೆರಿಕ, ಬ್ರಿಟನ್, ಫ್ರಾನ್ಸ್, ಆಸ್ಟ್ರೇಲಿಯಾ ಸೇರಿ 10 ದೇಶಗಳಲ್ಲಿ ಸುಮಾರು 10,000 ಅನುಭವಿಗಳ ಪಟ್ಟಿ ಅದು. ರೇಟಿಂಗ್ ನೋಡಿ ಬೇಕಾದವರನ್ನು ಆರಿಸಿಕೊಳ್ಳಬಹುದು. ಆ ಮೊದಲ ಪಟ್ಟಿಯಲ್ಲಿ ಭಾರತ ಇರಲಿಲ್ಲ. ನಮ್ಮಲ್ಲಿ ಈ ಕೆಲಸ ನಡೆದಿರುವುದು ಪಕ್ಕದ ತೋಟದ ರೈಟರ್, ಊರಲ್ಲೇ ಉಳಿದ ಚಿಕ್ಕಪ್ಪನ ಮಗ, ಜೀಪ್ ಓಡಿಸುವ ಹುಡುಗ, ಇತ್ತೀಚೆಗೆ ಹತ್ತಾರು ಮನೆಗಳನ್ನು ಒಟ್ಟಿಗೆ ನೋಡಿಕೊಳ್ಳುವ ಸಣ್ಣ ಏಜೆನ್ಸಿ, ಇಂಥವರ ಮೂಲಕ. ಬಹುತೇಕ ಕಡೆ ವಾಟ್ಸಾಪ್ ಸಂದೇಶವೇ ಒಪ್ಪಂದ.

ಸಮಸ್ಯೆ ಶುರುವಾಗುವುದು ಇಲ್ಲೇ. ಕೋ-ಹೋಸ್ಟ್ ಇಟ್ಟರೆ ಕೆಲಸ ಹಸ್ತಾಂತರವಾಗುತ್ತದೆ, ಹೊಣೆ ಹಸ್ತಾಂತರವಾಗುವುದಿಲ್ಲ.

ಮನೆಯವರೇ ಇಲ್ಲದ 'ಹೋಂಸ್ಟೇ'

ಹೋಂಸ್ಟೇ ಎಂದರೆ ಏನು? ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಬೆಡ್ ಆಂಡ್ ಬ್ರೇಕ್‌ಫಾಸ್ಟ್, ಹೋಂಸ್ಟೇ ಮಾರ್ಗಸೂಚಿಯ ಪ್ರಕಾರ ಮಾಲೀಕರು ಕುಟುಂಬ ಸಮೇತ ಅದೇ ಮನೆಯಲ್ಲಿ ವಾಸವಿರಬೇಕು. ಅತಿಥಿಗಳಿಗೆ ಕನಿಷ್ಠ ಒಂದು, ಗರಿಷ್ಠ ಆರು ಕೊಠಡಿ ಕೊಡಬಹುದು. ಕಲ್ಪನೆ ಸ್ಪಷ್ಟ: ಮನೆಯವರ ಜೊತೆಗಿನ ವಾಸ. ಮಾಲೀಕರು ಡೊಂಬಿವಿಲಿಯಲ್ಲಿದ್ದು, ಅತಿಥಿಗಳು ಮೂಡಿಗೆರೆಯಲ್ಲಿದ್ದರೆ ಅದು ಬೋರ್ಡ್‌ನಲ್ಲಿ ಹೋಂಸ್ಟೇ, ವ್ಯವಹಾರದಲ್ಲಿ ಲಾಡ್ಜ್.

ಕರ್ನಾಟಕದಲ್ಲಿ ಹೋಂಸ್ಟೇ ನಡೆಸಲು ಪ್ರವಾಸೋದ್ಯಮ ಇಲಾಖೆಯ ನೋಂದಣಿ ಬೇಕು. ಆ್ಯಪ್‌ನಲ್ಲಿ ಮನೆಯ ಫೋಟೊ ಹಾಕಿ ಬುಕಿಂಗ್ ಶುರುವಾದ ಮಾತ್ರಕ್ಕೆ ನೋಂದಣಿಯಾದಂತಲ್ಲ. 'ಅದನ್ನೆಲ್ಲ ನಮ್ಮ ಹುಡುಗ ನೋಡಿಕೊಳ್ತಾನೆ' ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಹುಡುಗ ಏನು ನೋಡಿಕೊಂಡಿದ್ದಾನೆ ಎಂಬುದು ಅಧಿಕಾರಿಗಳು ಬಾಗಿಲಿಗೆ ಬಂದ ದಿನವಷ್ಟೇ ತಿಳಿಯುತ್ತದೆ. ಅರ್ಜಿ ಹಾಕುವಾಗ ಮನೆಯಲ್ಲಿ ಯಾರು ವಾಸವಿರುತ್ತಾರೆ ಎಂಬುದನ್ನು ಇದ್ದದ್ದು ಇದ್ದಂತೆ ಬರೆದು, ಯಾವ ವರ್ಗದಲ್ಲಿ ಅನುಮತಿ ಸಿಗುತ್ತದೆ ಎಂದು ಜಿಲ್ಲಾ ಪ್ರವಾಸೋದ್ಯಮ ಕಚೇರಿಯಲ್ಲಿ ಮೊದಲೇ ಕೇಳುವುದು ಕ್ಷೇಮ.

ಹಂಪಿ ಸಮೀಪದ ಸಾಣಾಪುರದಲ್ಲಿ 2025ರ ಮಾರ್ಚ್‌ನಲ್ಲಿ ನಡೆದ ಕೃತ್ಯವನ್ನು ಯಾರೂ ಮರೆತಿಲ್ಲ. ಇಸ್ರೇಲಿ ಪ್ರವಾಸಿ ಮತ್ತು ಹೋಂಸ್ಟೇ ನಡೆಸುತ್ತಿದ್ದ ಮಹಿಳೆಯ ಮೇಲೆ ಅತ್ಯಾಚಾರ ನಡೆಯಿತು. ಕಾಲುವೆಗೆ ತಳ್ಳಲ್ಪಟ್ಟ ಒಡಿಶಾದ ಪ್ರವಾಸಿಯೊಬ್ಬರು ಮೃತಪಟ್ಟರು. ಅದಾದ ಮೇಲೆ ಹೋಂಸ್ಟೇಗಳ ಮೇಲೆ ಪೊಲೀಸರ ನಿಗಾ ಹೆಚ್ಚಿತು. ಅದರಾಚೆಗೆ ಗಮನಿಸಬೇಕಾದದ್ದು ಇನ್ನೊಂದಿದೆ. ಅಪಾಯದ ಹೊತ್ತಿನಲ್ಲಿ ಅತಿಥಿಗಳ ಜೊತೆ ಇರುವುದು ಸ್ಥಳದಲ್ಲಿರುವ ವ್ಯಕ್ತಿಯೇ. ಕೋ-ಹೋಸ್ಟ್ ಇಡುವವರು ತಾವು ಒಬ್ಬರ ಸುರಕ್ಷತೆಯ ಪ್ರಶ್ನೆಯನ್ನೂ ಮೈಮೇಲೆ ಎಳೆದುಕೊಳ್ಳುತ್ತಿದ್ದೇವೆ ಎಂದು ಯೋಚಿಸುವುದು ಕಡಿಮೆ. ಮಧ್ಯರಾತ್ರಿ ಕುಡಿದು ಗಲಾಟೆ ಮಾಡುವ ಹತ್ತು ಮಂದಿಯ ಗುಂಪನ್ನು ಒಬ್ಬರೇ ಎದುರಿಸಬೇಕಾದ ಹೆಣ್ಣುಮಗಳಿಗೆ ಶೇ.15 ಕಮಿಷನ್ ಯಾವ ಲೆಕ್ಕ? ಎಷ್ಟು ಮಂದಿಗೆ ಬುಕಿಂಗ್ ಕೊಡಬೇಕು, ಯಾರನ್ನು ನಿರಾಕರಿಸಬಹುದು ಎಂಬ ತೀರ್ಮಾನದಲ್ಲಿ ಅವರ ಮಾತು ನಡೆಯಬೇಕು.

24 ಗಂಟೆಯ ಗಡುವು

ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಎಫ್‌ಆರ್‌ಆರ್‌ಒಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಜನ ಇದನ್ನು 'ಸಿ ಫಾರ್ಮ್' ಎಂದೇ ಕರೆಯುತ್ತಾ ಬಂದಿದ್ದಾರೆ. ಹೋಟೆಲ್‌ಗಳಿಗಷ್ಟೇ ಅಲ್ಲ, ಹಣ ಪಡೆದು ವಾಸಕ್ಕೆ ಜಾಗ ಕೊಡುವ ಮನೆಗಳಿಗೂ ಇದು ಅನ್ವಯ. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ ಬಂದ 2025ರ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ 2025ರ ಸೆಪ್ಟೆಂಬರ್ 1ರಂದು ಜಾರಿಯಾಗಿದ್ದು, ಅದರಲ್ಲೂ ಮಾಹಿತಿ ಕೊಡುವ ಹೊಣೆ ವಸತಿ ನೀಡುವವರದೇ. ಲಾಗಿನ್ ಮಾಲೀಕರ ಹೆಸರಿನಲ್ಲಿ, ಪಾಸ್‌ಪೋರ್ಟ್ ಕೋ-ಹೋಸ್ಟ್ ಕೈಯಲ್ಲಿ. ಇಬ್ಬರಲ್ಲಿ ಯಾರು ಭರ್ತಿ ಮಾಡುತ್ತಾರೆ ಎಂದು ಮೊದಲೇ ನಿರ್ಧರಿಸದಿದ್ದರೆ ಗಡುವು ಮುಗಿದೇ ಹೋಗುತ್ತದೆ.

ಭಾರತೀಯ ಅತಿಥಿಗಳ ಗುರುತಿನ ಚೀಟಿಯದ್ದು ಇನ್ನೊಂದು ಕಥೆ. ನೂರಾರು ಅಪರಿಚಿತರ ಆಧಾರ್ ಫೋಟೊಗಳು ಒಬ್ಬರ ಮೊಬೈಲ್ ಗ್ಯಾಲರಿಯಲ್ಲಿ, ಮದುವೆ ಫೋಟೊಗಳ ನಡುವೆ ಬಿದ್ದಿರುತ್ತವೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪಡೆಯಿರಿ, ಮನೆಯ ಹೆಸರಿನ ಪ್ರತ್ಯೇಕ ಇಮೇಲ್‌ಗೇ ತರಿಸಿಕೊಳ್ಳಿ.

ಅವಘಡವಾದರೆ? 2024ರ ನವೆಂಬರ್‌ನಲ್ಲಿ ಮಂಗಳೂರು ಸಮೀಪದ ಉಚ್ಚಿಲದ ಬೀಚ್ ರೆಸಾರ್ಟ್‌ನ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಮೃತಪಟ್ಟಾಗ ಪೊಲೀಸರು ಮಾಲೀಕ ಮತ್ತು ಮ್ಯಾನೇಜರ್ ಇಬ್ಬರನ್ನೂ ಬಂಧಿಸಿದ್ದರು. ಅದು ರೆಸಾರ್ಟ್, ನಿಮ್ಮದು ಮೂರು ಕೊಠಡಿಯ ಮನೆ ಇರಬಹುದು. ಆದರೆ ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್, ತಡೆಗೋಡೆ ಇಲ್ಲದ ಬಾವಿ, ತೋಟದ ಕೆರೆ, ಇವು ನಮ್ಮ ಊರಿನ ಮನೆಗಳಲ್ಲಿ ಇದ್ದೇ ಇರುತ್ತವೆ. ಗೀಸರ್ ಬಚ್ಚಲಿನ ಹೊರಗೆ ಹೋಗಬೇಕು. ಅದಕ್ಕೆ ಹಣ ಖರ್ಚು ಮಾಡಬೇಕಾದವರು ಮಾಲೀಕರು, ಕೋ-ಹೋಸ್ಟ್ ಅಲ್ಲ.

ಶೇ.20 ಸರಿ, ಯಾವುದರ ಮೇಲೆ?

ಹೆಚ್ಚು ಜಗಳ ಬರುವುದು ಹಣದ ವಿಷಯದಲ್ಲೇ. ಒಂದು ಉದಾಹರಣೆ ನೋಡೋಣ. ದಿನಕ್ಕೆ 4,000 ರೂ.ನಂತೆ ತಿಂಗಳಿಗೆ 12 ರಾತ್ರಿ ಬುಕಿಂಗ್ ಆದರೆ 48,000 ರೂ. ಬರುತ್ತದೆ. ಕೋ-ಹೋಸ್ಟ್‌ಗೆ ಶೇ.20 ಎಂದರೆ 9,600 ರೂ. ಸ್ವಚ್ಛತೆ, ಬಟ್ಟೆ ಒಗೆಸುವುದು, ಗ್ಯಾಸ್, ಕರೆಂಟ್ ಎಂದು 12,000 ರೂ. ಖರ್ಚು ಕಳೆದು ಉಳಿದ 36,000ದ ಮೇಲೆ ಶೇ.20 ಎಂದರೆ 7,200 ರೂ. ವ್ಯತ್ಯಾಸ ತಿಂಗಳಿಗೆ 2,400 ರೂ. 'ಇಪ್ಪತ್ತು ಪರ್ಸೆಂಟ್' ಎಂದು ಇಬ್ಬರೂ ತಲೆಯಾಡಿಸಿರುತ್ತಾರೆ, ಇಬ್ಬರ ಮನಸ್ಸಿನಲ್ಲಿರುವ ಲೆಕ್ಕ ಬೇರೆ.

ಆದರೆ ಶೇಕಡಾವಾರು ಲೆಕ್ಕಕ್ಕೆ ಇದಕ್ಕಿಂತ ದೊಡ್ಡ ದೋಷವೊಂದಿದೆ. ಅದು ಮಳೆಗಾಲದಲ್ಲಿ ಗೊತ್ತಾಗುತ್ತದೆ. ಜೋರು ಮಳೆಯ ಜುಲೈನಲ್ಲಿ, ರಸ್ತೆ ಕುಸಿದು ಪ್ರವಾಸಿಗರು ಬರದ ವಾರಗಳಲ್ಲಿ ಬುಕಿಂಗ್ ಶೂನ್ಯ, ಕಮಿಷನ್ ಶೂನ್ಯ. ಮನೆಗೆ ಆರೈಕೆ ಅತಿ ಹೆಚ್ಚು ಬೇಕಾದದ್ದು ಅದೇ ವಾರಗಳಲ್ಲಿ. ಹೆಂಚು ಸರಿದಿರುತ್ತದೆ, ಹಾಸಿಗೆ ಬೂಸಲು ಹಿಡಿಯುತ್ತದೆ, ಬಾಗಿಲ ಚೌಕಟ್ಟಿಗೆ ಗೆದ್ದಲು ಏರುತ್ತದೆ. ಕಮಿಷನ್ ಮಾತ್ರ ನಂಬಿದ ಕೋ-ಹೋಸ್ಟ್‌ಗೆ ಆಗ ಅತ್ತ ಹೋಗಿ ಬಾಗಿಲು ತೆರೆದು ಗಾಳಿಯಾಡಿಸಲು ಕಾರಣವೇ ಇಲ್ಲ. ಹಾಗಾಗಿ ಮಲೆನಾಡು, ಕೊಡಗಿನ ಮನೆಗಳಿಗೆ ವರ್ಷಪೂರ್ತಿ ಒಂದು ನಿಗದಿತ ಮೊತ್ತ, ಅದರ ಮೇಲೆ ಕಡಿಮೆ ದರದ ಕಮಿಷನ್ ಕೊಡುವುದೇ ಸರಿ. ಮೇಲ್ನೋಟಕ್ಕೆ ದುಬಾರಿ ಅನಿಸಬಹುದು. ಒಂದು ಮಳೆಗಾಲ ಬೀಗ ಹಾಕಿದ ಮನೆಯ ರಿಪೇರಿ ಬಿಲ್ ನೋಡಿದವರಿಗೆ ಹಾಗನಿಸುವುದಿಲ್ಲ.

ಇನ್ನೊಂದು ಸೋರಿಕೆ ಹೆಂಚಿನದ್ದಲ್ಲ. 'ಮುಂದಿನ ಸಲ ಆ್ಯಪ್ ಬೇಡ ಸರ್, ನನಗೇ ಫೋನ್ ಮಾಡಿ' ಎಂಬ ನಗದು ಬುಕಿಂಗ್. ಕ್ಯಾಲೆಂಡರ್‌ನಲ್ಲಿ ಮನೆ ಖಾಲಿ, ಅಂಗಳದಲ್ಲಿ ಎರಡು ಕಾರು. ಹಾಗೆ ಬಂದವರ ಹೆಸರು ಯಾವ ದಾಖಲೆಯಲ್ಲೂ ಇರುವುದಿಲ್ಲ, ಏನಾದರೂ ಆದರೆ ಮಾಲೀಕರಿಗೆ ಅವರು ಯಾರೆಂದೇ ತಿಳಿಯದು. ಸಿಸಿಟಿವಿಗಿಂತ ಸರಳ ಉಪಾಯ ಕರೆಂಟ್ ಬಿಲ್. ಸೆಸ್ಕ್, ಮೆಸ್ಕಾಂ ಬಿಲ್‌ಗಳನ್ನು ಮುಂಬೈನಿಂದಲೇ ಆನ್‌ಲೈನ್‌ನಲ್ಲಿ ನೋಡಬಹುದು. ಬುಕಿಂಗ್ ಇಲ್ಲದ ತಿಂಗಳು ಯೂನಿಟ್ ಏರಿದ್ದರೆ ಕೇಳಬೇಕಾದ ಪ್ರಶ್ನೆ ಗೊತ್ತೇ ಇದೆ. ಹಾಗೆಂದು ಎಲ್ಲರನ್ನೂ ಕಳ್ಳರಂತೆ ನೋಡಬೇಕಿಲ್ಲ. ಸಂಬಳ ಸರಿಯಾಗಿ ಕೊಡದ ಮಾಲೀಕರೇ ಈ ದಾರಿಯನ್ನು ಅರ್ಧ ತೆರೆದಿಟ್ಟಿರುತ್ತಾರೆ.

ತೆರಿಗೆಯ ವಿಷಯ ಚಿಕ್ಕದು. ದಿನಕ್ಕೆ 7,500 ರೂ. ವರೆಗಿನ ಕೊಠಡಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ.12ರಿಂದ ಶೇ.5ಕ್ಕೆ ಇಳಿದಿದೆ. ವಹಿವಾಟು ಕಡಿಮೆ ಇದ್ದು ನೋಂದಣಿ ಅಗತ್ಯವಿಲ್ಲದ ಮಾಲೀಕರ ಆನ್‌ಲೈನ್ ಬುಕಿಂಗ್‌ಗಳಿಗೆ ಈ ತೆರಿಗೆಯನ್ನು ವೇದಿಕೆಯೇ ಕಟ್ಟುತ್ತದೆ. ಆದಾಯ ತೆರಿಗೆ ಮಾತ್ರ ನಿಮ್ಮದೇ. ಕೋ-ಹೋಸ್ಟ್‌ಗೆ ಕೊಟ್ಟ ಹಣವನ್ನು ಖರ್ಚೆಂದು ತೋರಿಸಲು ದಾಖಲೆ ಬೇಕು, ದಾಖಲೆಯಿಲ್ಲದೆ ಕೈಗೆ ಕೊಟ್ಟ ನೋಟು ಲೆಕ್ಕಕ್ಕೆ ಸಿಗದು.

ಮನೆ ನಿಮ್ಮದು, ರಿವ್ಯೂ ಯಾರದು?

ಮನೆಯನ್ನು ಆ್ಯಪ್‌ಗೆ ಹಾಕುವ ಕೆಲಸವನ್ನೂ ಕೋ-ಹೋಸ್ಟ್‌ಗೇ ಬಿಡುವವರಿದ್ದಾರೆ. ಅವರು ತಮ್ಮ ಖಾತೆಯಲ್ಲೇ ಹಾಕಿದರೆ ಎರಡು ವರ್ಷ ಕೂಡಿಟ್ಟ ಒಳ್ಳೆಯ ರಿವ್ಯೂಗಳು ಅವರ ಖಾತೆಯಲ್ಲೇ ಉಳಿಯುತ್ತವೆ. ಸಂಬಂಧ ಹಳಸಿದರೆ ಮಾಲೀಕರು ಸೊನ್ನೆಯಿಂದ ಶುರು ಮಾಡಬೇಕು. ಖಾತೆ ಮಾಲೀಕರ ಹೆಸರಿನಲ್ಲೇ ಇರಲಿ, ಕೋ-ಹೋಸ್ಟ್‌ಗೆ ಕ್ಯಾಲೆಂಡರ್ ಮತ್ತು ಸಂದೇಶದ ಪ್ರವೇಶವಷ್ಟೇ ಸಾಕು. ಬೆಲೆ ಬದಲಿಸುವ ಅಧಿಕಾರವೂ ಸೇರಿದ ಪೂರ್ಣ ಪ್ರವೇಶವನ್ನು ನಂಬಿಕೆ ಬೆಳೆದ ಮೇಲೆ ಕೊಡಬಹುದು.

ಒಪ್ಪಂದ ಸ್ಟಾಂಪ್ ಪೇಪರ್ ಮೇಲೆ ಆಗಲಿ. ಇದು ಬಾಡಿಗೆ ಕರಾರಲ್ಲ, ಸೇವೆಯ ಒಪ್ಪಂದ, ಮನೆಯ ಸ್ವಾಧೀನ ಮಾಲೀಕರಲ್ಲೇ ಇರುತ್ತದೆ ಎಂಬ ಸಾಲು ಅದರಲ್ಲಿರಲೇಬೇಕು. ಪಾಲಾಗದ ಪಿತ್ರಾರ್ಜಿತ ಮನೆಯಾದರೆ ಅದಕ್ಕೂ ಮೊದಲು ಅಣ್ಣ-ತಮ್ಮಂದಿರ, ಅಕ್ಕ-ತಂಗಿಯರ ಲಿಖಿತ ಒಪ್ಪಿಗೆ ಪಡೆಯಿರಿ. ಹೆಣ್ಣುಮಕ್ಕಳ ಸಹಿ ಬೇಕಿಲ್ಲ ಎಂದುಕೊಂಡವರಿಗೆ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯನ್ನು ನೆನಪಿಸಬೇಕು.

ಬಿಟ್ಟುಹೋಗುವಾಗಿನ ಷರತ್ತನ್ನು ಬಹುತೇಕರು ಬರೆಯುವುದೇ ಇಲ್ಲ. ಕನಿಷ್ಠ 30 ದಿನದ ನೋಟಿಸ್, ಕೀಲಿಯ ಎಷ್ಟು ನಕಲು ಯಾರ ಬಳಿ ಇವೆ, ಅತಿಥಿಗಳ ದಾಖಲೆ ಅಳಿಸಿದ್ದಾರೆಯೇ, ಕೊನೆಯ ತಿಂಗಳ ಬಾಕಿ ಎಷ್ಟು, ಇಷ್ಟು ಇದ್ದರೆ ಸಾಕು. ನವೆಂಬರ್ ಕೊನೆಗೆ ಕೋ-ಹೋಸ್ಟ್ ಕೈಬಿಟ್ಟರೆ ಕ್ರಿಸ್‌ಮಸ್ ವಾರಕ್ಕೆ ಆಗಲೇ ಹಣ ಕಟ್ಟಿದ ಅತಿಥಿಗಳು ಮಾಲೀಕರ ಹೆಸರಿನಲ್ಲೇ ಬರುತ್ತಾರೆ. ಬುಕಿಂಗ್ ರದ್ದು ಮಾಡಿದರೆ ವೇದಿಕೆಗೆ ದಂಡ ಕಟ್ಟಬೇಕಾಗುತ್ತದೆ. ಇಲ್ಲವೇ ಮುಂಬೈನಿಂದ ರಾತ್ರಿ ಬಸ್ ಹತ್ತಬೇಕು.