ಗೇಟಿನಲ್ಲಿ ನಿಂತವರಿಗೂ ಒಂದು ಬೈಲಾ ಬೇಕು



ಬೈಲಾ ಎಂದರೆ ನಮ್ಮಲ್ಲಿ ಹಲವರಿಗೆ ಆಕಳಿಕೆ ಬರುತ್ತದೆ, ಇನ್ನು ಕೆಲವರಿಗೆ ಕೂಟದ ಹಳೆಯ ಜಗಳ ನೆನಪಾಗುತ್ತದೆ. ಆದರೂ ಈ ಸಲ ಅದರ ಬಗ್ಗೆಯೇ ಬರೆಯುತ್ತಿದ್ದೇನೆ. ಕೊನೆಯವರೆಗೂ ಓದಿ, ಆಮೇಲೆ ಬೈಯಿರಿ.

ನಾವಿರುವುದು ನ್ಯೂಜೆರ್ಸಿಯ ರಾಬಿನ್ಸ್‌ವಿಲ್‌ನಲ್ಲಿ. (ಈ ಊರಿಗೆ ಮೊದಲು ವಾಷಿಂಗ್ಟನ್ ಟೌನ್‌ಶಿಪ್ ಎಂದು ಹೆಸರಿತ್ತು. ರಾಜ್ಯದಲ್ಲಿ ಅದೇ ಹೆಸರಿನ ಊರುಗಳು ಇನ್ನೂ ಹಲವು ಇದ್ದವು. 2007ರ ನವೆಂಬರ್‌ನಲ್ಲಿ ಜನ ಮತ ಹಾಕಿದರು, ಹೊಸ ವರ್ಷಕ್ಕೆ ಹೆಸರು ಬದಲಾಯಿತು. ಬೆಂಗಳೂರನ್ನು ಇಂಗ್ಲಿಷ್‌ನಲ್ಲೂ ಬೆಂಗಳೂರು ಎಂದೇ ಬರೆಸಲು ನಾವು 2014ರವರೆಗೆ ಕಾಯಬೇಕಾಯಿತು. ಅದಿರಲಿ.) ನಮ್ಮ ರಸ್ತೆಯ ಕೊನೆಯ ಮನೆಯಲ್ಲಿ ಒಬ್ಬ ಹಿರಿಯರಿದ್ದಾರೆ. ಒಂದು ವಿಶ್ವವಿದ್ಯಾಲಯದ ಕ್ಯಾಂಪಸ್ ಪೊಲೀಸ್ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಇಂಥ ಅಧಿಕಾರಿಗಳ ವೃತ್ತಿಸಂಘವೊಂದರ ಬೈಲಾ ಪರಿಷ್ಕರಣೆ ಸಮಿತಿಯಲ್ಲಿ ಈಗಲೂ ಇದ್ದಾರೆ. ನಾನು ಹಿಂದೊಮ್ಮೆ ಒಂದು ಕನ್ನಡ ಕೂಟದ ಖಜಾಂಚಿಯಾಗಿ ಪೆಟ್ಟು ತಿಂದ ಕಥೆ ಅವರಿಗೆ ಗೊತ್ತು. ಕಳೆದ ತಿಂಗಳು ಕರಡು ಪ್ರತಿಯನ್ನು ನನ್ನ ಕೈಗಿಟ್ಟು, "ನೀನು ಸಾಫ್ಟ್‌ವೇರ್‌ನವನು, ತಪ್ಪು ಹುಡುಕುವುದೇ ನಿನ್ನ ಹೊಟ್ಟೆಪಾಡು, ಒಮ್ಮೆ ಓದಿ ನೋಡು" ಎಂದರು.

ಸಂಕೋಚಕ್ಕೆ ಒಪ್ಪಿಕೊಂಡೆ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಪೆನ್ಸಿಲ್ ಹುಡುಕಲು ಎದ್ದಿದ್ದೆ.

ಮೊದಲ ಪ್ರಶ್ನೆಯೇ ಸದಸ್ಯ ಯಾರು ಎನ್ನುವುದು. ಕ್ಯಾಂಪಸ್ ಕಾಯುವುದೇ ಉದ್ಯೋಗವಾಗಿರುವವರು ಪೂರ್ಣ ಸದಸ್ಯರು, ಅವರಿಗೆ ಮತ ಇದೆ. ಕ್ಯಾಮೆರಾ, ಬೀಗ, ವೈರ್‌ಲೆಸ್ ಮಾರುವ ಕಂಪನಿಗಳವರು ಸಹಸದಸ್ಯರು. ಅವರು ಶುಲ್ಕ ಕೊಡಬಹುದು, ಸಮ್ಮೇಳನಕ್ಕೆ ಮಳಿಗೆ ಹಾಕಬಹುದು, ಊಟ ಹಾಕಿಸಬಹುದು. ಮತ ಹಾಕುವಂತಿಲ್ಲ, ಪದಾಧಿಕಾರಿ ಆಗುವಂತಿಲ್ಲ. ಯಾಕೆಂದು ಕೇಳಿದೆ. "ಮತ ಕೊಟ್ಟರೆ ಮುಂದಿನ ವರ್ಷ ಎಲ್ಲ ಕ್ಯಾಂಪಸ್‌ಗೂ ಅವನ ಕ್ಯಾಮೆರಾನೇ ಬೇಕು ಅಂತ ಠರಾವು ಪಾಸಾಗುತ್ತೆ" ಎಂದರು. ದುರ್ನಡತೆಗಾಗಿ ಕೆಲಸದಿಂದ ವಜಾ ಆದವನ ಸದಸ್ಯತ್ವ ರದ್ದಾಗುತ್ತದೆ, ಆದರೆ ಅವನ ಮಾತನ್ನೂ ಕೇಳದೆ ರದ್ದು ಮಾಡುವಂತಿಲ್ಲ. ಚೆಕ್‌ಗೆ ಎರಡು ಸಹಿ. ಅಧ್ಯಕ್ಷರ ಅವಧಿಗೆ ಮಿತಿ. ಬೈಲಾ ತಿದ್ದಬೇಕಾದರೆ ಮೊದಲೇ ನೋಟೀಸು ಕೊಡಬೇಕು, ಮೂರರಲ್ಲಿ ಎರಡು ಪಾಲು ಮತ ಬೀಳಬೇಕು.

ಇಲ್ಲಿನ ಸಂಘಗಳ ಬೈಲಾಗಳಲ್ಲಿ ಸಾಮಾನ್ಯವಾಗಿ ಇನ್ನೊಂದು ಸಾಲು ಇರುತ್ತದೆ: ಇಲ್ಲಿ ಹೇಳದೆ ಬಿಟ್ಟಿದ್ದಕ್ಕೆಲ್ಲ ರಾಬರ್ಟ್ಸ್ ರೂಲ್ಸ್ ಅನ್ವಯ. ಈ ರಾಬರ್ಟ್ ವಕೀಲರಲ್ಲ, ಸೈನ್ಯದ ಎಂಜಿನಿಯರ್. 1863ರಲ್ಲಿ ಮ್ಯಾಸಚೂಸೆಟ್ಸ್‌ನ ನ್ಯೂ ಬೆಡ್‌ಫರ್ಡ್‌ನಲ್ಲಿ ಒಂದು ಚರ್ಚ್ ಸಭೆಗೆ ಅಧ್ಯಕ್ಷತೆ ವಹಿಸಿ, ಸಭೆ ಸಂತೆಯಾಗಿ ಮಾನ ಹೋಗಿತ್ತಂತೆ. ಆ ಸಂಕಟಕ್ಕೆ ಕೂತು ಅಭ್ಯಾಸ ಮಾಡಿ 1876ರಲ್ಲಿ ಪುಸ್ತಕ ತಂದರು. ನಮ್ಮ ಕೂಟದಲ್ಲಿ ರಾತ್ರಿ ಹತ್ತಕ್ಕೆ ಕೋರಂ ಇಲ್ಲವೆಂದು ಗೊತ್ತಾದಾಗ ಬಿಸಿಬೇಳೆಬಾತ್ ಸಾಲಿನಲ್ಲಿ ನಿಂತವರ ತಲೆ ಎಣಿಸಿ ಲೆಕ್ಕ ತುಂಬಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನೇನೂ ಪುಸ್ತಕ ಬರೆಯಲಿಲ್ಲ, ಮನೆಗೆ ಬಂದು ಮಲಗಿದೆ.

ಪೊಲೀಸರಿಗೆ ಯೂನಿಯನ್ ಇದೆಯಲ್ಲ, ಇನ್ನೊಂದು ಸಂಘ ಯಾಕೆ ಎಂದು ಕೇಳಬಹುದು. ಯೂನಿಯನ್ ಮುಖ್ಯವಾಗಿ ಸಂಬಳ, ರಜೆ, ರಕ್ಷಣೆ ಕೇಳುತ್ತದೆ. ವೃತ್ತಿಸಂಘ ಕೆಲಸ ಹೇಗೆ ಮಾಡಬೇಕು ಎನ್ನುವುದನ್ನು ಬರೆದಿಡುತ್ತದೆ. ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವನ್ನೇ ನೋಡಿ. ಅಲ್ಲಿನ ಪೊಲೀಸ್ ಅಧಿಕಾರಿಗಳಿಗೆ ಕಾನೂನಿನ ಅಧಿಕಾರ ಇದೆ, ಸೊಂಟದಲ್ಲಿ ಪಿಸ್ತೂಲು ಇಲ್ಲ. ಬಂದೂಕು ಬೇಕೆಂದು ಅವರ ಯೂನಿಯನ್ ಕೇಳುತ್ತಲೇ ಇತ್ತು. 2015ರಲ್ಲಿ ವಿಶ್ವವಿದ್ಯಾಲಯ ಒಪ್ಪಿದ್ದು ಇಷ್ಟಕ್ಕೆ ಮಾತ್ರ: ಯಾರಾದರೂ ಗುಂಡು ಹಾರಿಸುತ್ತ ಕ್ಯಾಂಪಸ್‌ಗೆ ನುಗ್ಗಿದರೆ ಆಗ ರೈಫಲ್ ತೆಗೆದುಕೊಳ್ಳಬಹುದು. ಟ್ರೆಂಟನ್ ಪಕ್ಕದ ಕಾಲೇಜ್ ಆಫ್ ನ್ಯೂಜೆರ್ಸಿಯಲ್ಲಾಗಲಿ ರಟ್ಗರ್ಸ್‌ನಲ್ಲಾಗಲಿ ಕ್ಯಾಂಪಸ್‌ಗೆ ತನ್ನದೇ ಪೊಲೀಸ್ ಇಲಾಖೆ ಇದೆ. ಒಂದೇ ರಾಜ್ಯದಲ್ಲಿ ಇಷ್ಟು ಬಗೆಯ ಕಾವಲು ಇರುವಾಗ, ಇವರೆಲ್ಲ ಒಂದು ಮೇಜಿನ ಸುತ್ತ ಕೂತು ಇದು ಸರಿ, ಇದು ತಪ್ಪು ಎನ್ನುವ ಜಾಗ ಬೇಕಾಗುತ್ತದೆ.

ಈ ದೇಶವೂ ಒಂದೇ ದಿನದಲ್ಲಿ ಇಲ್ಲಿಗೆ ಬಂದಿಲ್ಲ. ಯೇಲ್ ವಿಶ್ವವಿದ್ಯಾಲಯದಲ್ಲಿ ಇಬ್ಬರು ನಗರ ಪೊಲೀಸರನ್ನು ಕ್ಯಾಂಪಸ್‌ಗೆಂದು ನೇಮಿಸಿದ್ದು 1894ರಲ್ಲಿ. ಈಗ ಇಂಟರ್‌ನ್ಯಾಷನಲ್ ಅಸೋಸಿಯೇಷನ್ ಆಫ್ ಕ್ಯಾಂಪಸ್ ಲಾ ಎನ್‌ಫೋರ್ಸ್‌ಮೆಂಟ್ ಅಡ್ಮಿನಿಸ್ಟ್ರೇಟರ್ಸ್ ಎಂದು ಕರೆಸಿಕೊಳ್ಳುವ ದೊಡ್ಡ ಸಂಘ ಹುಟ್ಟಿದ್ದು 1958ರಲ್ಲಿ, ಅರಿಜೋನಾದಲ್ಲಿ. ಆಗ ಅದರ ಹೆಸರಿನಲ್ಲೇ ಟ್ರಾಫಿಕ್ ಎಂಬ ಪದ ಇತ್ತು! ಪ್ರೊಫೆಸರ್‌ಗಳ ಕಾರು ಎಲ್ಲಿ ನಿಲ್ಲಿಸಬೇಕು ಎಂಬ ತಕರಾರನ್ನು ತೀರಿಸುವವರೂ ಇವರೇ ಆಗಿದ್ದರು. ಅದೇ ಸಂಘ ಈಗ ಕ್ಯಾಂಪಸ್ ಪೊಲೀಸ್ ಇಲಾಖೆಗಳಿಗೆ ಮಾನ್ಯತೆ ಕೊಡುತ್ತದೆ.

ನಡುವೆ ಒಂದು ಸಾವು ಬಂತು. 1986ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದಲ್ಲಿ ಜೀನ್ ಕ್ಲೆರಿ ಎಂಬ 19 ವರ್ಷದ ಹುಡುಗಿಯನ್ನು ಅವಳ ಹಾಸ್ಟೆಲ್ ಕೋಣೆಯಲ್ಲೇ ಸಹವಿದ್ಯಾರ್ಥಿಯೊಬ್ಬ ಅತ್ಯಾಚಾರ ಮಾಡಿ ಕೊಂದ. ತಾನಾಗಿ ಬೀಗ ಬೀಳುವ ಬಾಗಿಲುಗಳನ್ನು ಯಾರೋ ಅಡ್ಡ ಇಟ್ಟು ತೆರೆದಿಟ್ಟಿದ್ದರು. ಇದು ನಮ್ಮ ಮನೆಯಿಂದ ಒಂದೂವರೆ ಗಂಟೆಯ ದಾರಿ. ಆ ತಂದೆತಾಯಿ ಸುಮ್ಮನೆ ಕೂರಲಿಲ್ಲ. 1990ರಲ್ಲಿ ಕೇಂದ್ರ ಕಾನೂನು ಬಂತು, 1998ರಲ್ಲಿ ಅದಕ್ಕೆ ಅವಳ ಹೆಸರಿಟ್ಟರು. ಕೇಂದ್ರದ ಶಿಕ್ಷಣ ನೆರವು ಪಡೆಯುವ ಪ್ರತಿ ಕಾಲೇಜೂ ಪ್ರತಿ ವರ್ಷ ಅಕ್ಟೋಬರ್ 1ರೊಳಗೆ ತನ್ನ ಕ್ಯಾಂಪಸ್‌ನಲ್ಲಿ ನಡೆದ ಅಪರಾಧಗಳ ಲೆಕ್ಕ ಪ್ರಕಟಿಸಬೇಕು. ಮುಚ್ಚಿಟ್ಟರೆ ದಂಡ. 2016ರಲ್ಲಿ ಪೆನ್ ಸ್ಟೇಟ್‌ಗೆ ಸುಮಾರು 24 ಲಕ್ಷ ಡಾಲರ್ ಬಿತ್ತು, 2024ರಲ್ಲಿ ಲಿಬರ್ಟಿ ವಿಶ್ವವಿದ್ಯಾಲಯಕ್ಕೆ 1 ಕೋಟಿ 40 ಲಕ್ಷ ಡಾಲರ್. ನಿಮ್ಮ ಮಗ ಅಥವಾ ಮಗಳು ಕಾಲೇಜಿಗೆ ಸೇರುವ ಮುಂಚೆ ಆ ವರದಿಯನ್ನು ಓದಿದ್ದೀರಾ? ಡಾರ್ಮ್‌ನ ಊಟ ಹೇಗಿದೆ ಎಂದು ವಿಚಾರಿಸಿದ ನಾನು ಇದನ್ನು ಓದಿರಲಿಲ್ಲ.

ಬೈಲಾ ಬರೆದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. 2011ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ನೆಲದ ಮೇಲೆ ಸುಮ್ಮನೆ ಕೂತಿದ್ದ ವಿದ್ಯಾರ್ಥಿಗಳ ಮುಖಕ್ಕೆ ಮೆಣಸಿನ ದ್ರಾವಣ ಸಿಂಪಡಿಸಿದ್ದು ಕ್ಯಾಂಪಸ್ ಪೊಲೀಸರೇ. ಸಂಘಗಳಿದ್ದವು, ತರಬೇತಿ ಇತ್ತು, ಆದರೂ ನಡೆಯಿತು. ವ್ಯತ್ಯಾಸ ಆಮೇಲಿನದು. ತನಿಖಾ ತಂಡ ಕೂತಿತು, ಅದರ ವರದಿಯಲ್ಲಿ ಇದು ನಡೆಯಬಾರದಿತ್ತು, ತಡೆಯಬಹುದಿತ್ತು ಎಂದು ಬರೆಯಲಾಯಿತು, ಮರುವರ್ಷ ಆ ಅಧಿಕಾರಿ ಕೆಲಸ ಕಳೆದುಕೊಂಡ. ತಪ್ಪು ಎಂದು ಹೇಳಲು ಸರಿ ಯಾವುದು ಎಂದು ಎಲ್ಲೋ ಬರೆದಿರಬೇಕಲ್ಲವೇ?

ಈಗ ನಮ್ಮ ನಾಡಿಗೆ ಬನ್ನಿ.

2005ರ ಡಿಸೆಂಬರ್ 28ರ ಸಂಜೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಾಟಾ ಸಭಾಂಗಣದ ಹೊರಗೆ ಗುಂಡು ಹಾರಿತು. ದೆಹಲಿ ಐಐಟಿಯ ನಿವೃತ್ತ ಪ್ರಾಧ್ಯಾಪಕ ಎಂ. ಸಿ. ಪುರಿ ತೀರಿಕೊಂಡರು. ಅಂದು ನಮ್ಮಲ್ಲಿ ಎಷ್ಟು ಜನ ರಾತ್ರಿಯಿಡೀ ಫೋನ್ ಹಚ್ಚಿ ಕೂತಿದ್ದೆವೋ! 2012ರ ಅಕ್ಟೋಬರ್‌ನಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ಕಾನೂನು ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಸಾವಿರ ಎಕರೆಗೂ ಮಿಗಿಲಾದ ಜಾಗ, ನಡುವೆ ಊರಿನ ವಾಹನಗಳೆಲ್ಲ ಓಡಾಡುವ ರಸ್ತೆ. 2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಬಿವಿಬಿ ಕಾಲೇಜಿನ ಆವರಣದಲ್ಲೇ ಹಾಡಹಗಲು ಒಬ್ಬ ವಿದ್ಯಾರ್ಥಿನಿಯನ್ನು ಚಾಕುವಿನಿಂದ ಇರಿದು ಕೊಂದರು. ಪ್ರತಿ ಸಲವೂ ಪ್ರತಿಭಟನೆ, ಮಂತ್ರಿಗಳ ಭೇಟಿ, ಕ್ಯಾಮೆರಾ ಹಾಕುವ ಭರವಸೆ. ಆಮೇಲೆ?

ಕಾಗದದ ಮೇಲೆ ನಮ್ಮಲ್ಲೂ ಬಡತನವಿಲ್ಲ. ಖಾಸಗಿ ಸೆಕ್ಯುರಿಟಿ ಏಜೆನ್ಸಿಗಳ ನಿಯಂತ್ರಣಕ್ಕೆ 2005ರ ಕೇಂದ್ರ ಕಾಯ್ದೆ ಇದೆ. 2006ರ ಮಾದರಿ ನಿಯಮಗಳು ಒಬ್ಬ ಗಾರ್ಡ್‌ಗೆ 100 ಗಂಟೆ ತರಗತಿ, 60 ಗಂಟೆ ಹೊರಗಿನ ತರಬೇತಿ ಎಂದವು. 2015ರಲ್ಲಿ ಯುಜಿಸಿ ವಿದ್ಯಾರ್ಥಿಗಳ ಸುರಕ್ಷತೆಗೆ ಮಾರ್ಗಸೂಚಿ ಕಳಿಸಿತು. ಕಾಂಪೌಂಡ್ ಗೋಡೆ, ಹಾಜರಿ ಯಂತ್ರ ಎಲ್ಲವೂ ಅದರಲ್ಲಿತ್ತು.

ಈ ವರ್ಷ ಊರಿಗೆ ಹೋದಾಗ ನಾನು ಓದಿದ ಎಂಜಿನಿಯರಿಂಗ್ ಕಾಲೇಜಿಗೆ ಹೋಗಿದ್ದೆ. ಗೇಟಿನಲ್ಲಿ ಅರವತ್ತರ ಹತ್ತಿರದ ಒಬ್ಬರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಯಜಮಾನ್ರೇ ಎಂದು ಮಾತಿಗೆಳೆದೆ. ಒಂಬತ್ತು ವರ್ಷದಿಂದ ಅದೇ ಗೇಟು. ಟೆಂಡರ್ ಬದಲಾದಂತೆ ಮೂರು ಏಜೆನ್ಸಿ ಬದಲಾಗಿವೆ, ಇವರು ಮಾತ್ರ ಅಲ್ಲೇ. ಅಂಗಿಯ ಮೇಲಿನ ಹೆಸರು ಬದಲಾಗುತ್ತದೆ, ಆ ಅಂಗಿಯ ದುಡ್ಡು ಸಂಬಳದಲ್ಲಿ ಕಟ್ಟಾಗುತ್ತದೆ. ಹನ್ನೆರಡು ಗಂಟೆಯ ಪಾಳಿ. ತರಬೇತಿ ಎಂದರೆ ಸೆಲ್ಯೂಟ್ ಹೊಡೆಯುವುದು ಮತ್ತು ರಿಜಿಸ್ಟರ್ ಬರೆಸುವುದು. "ರಾತ್ರಿ ಹಾಸ್ಟೆಲ್ ಹುಡುಗಿ ಬಂದು, ಯಾರೋ ಹಿಂದೆ ಬೀಳ್ತಿದಾನೆ ಅಂದ್ರೆ ಏನು ಮಾಡ್ತೀರಿ?" ಎಂದೆ. "ಸೂಪರ್‌ವೈಸರ್‌ಗೆ ಫೋನ್ ಮಾಡ್ತೀನಿ ಸಾರ್." "ಅವರು ಎತ್ತದಿದ್ದರೆ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೇ ಹೋಗ್ತೀನಿ ಸಾರ್. ಆದ್ರೆ ಗೇಟ್ ಬಿಟ್ಟು ಹೋದ್ರೆ ಆ ದಿನದ ಹಾಜರಿ ಹಾಕಲ್ಲ" ಎಂದರು.

ನನ್ನ ಮಾತು ಇರುವುದು ಇಷ್ಟೇ. ಈ ಮನುಷ್ಯನ ಒಳ್ಳೆಯತನವನ್ನು ನಂಬಿ ನಮ್ಮ ಮಕ್ಕಳು ಮಲಗುತ್ತಿದ್ದಾರೆ, ಆದರೆ ಅವರ ಕೆಲಸ ಏನು, ಯಾರಿಗೆ ಉತ್ತರ ಹೇಳಬೇಕು, ಗೇಟು ಬಿಟ್ಟು ಓಡಬೇಕಾದ ಹೊತ್ತು ಯಾವುದು ಎಂದು ಅವರ ವೃತ್ತಿಯವರೇ ಕೂತು ಬರೆದ ಒಂದು ಸಾಲೂ ಅವರ ಹತ್ತಿರ ಇಲ್ಲ. ಅದೇ ಪ್ರವಾಸದಲ್ಲಿ ಬೇರೆ ಬೇರೆ ಕಾಲೇಜುಗಳ ಮೂವರು ಸೆಕ್ಯುರಿಟಿ ಆಫೀಸರ್‌ಗಳನ್ನು ಮಾತಾಡಿಸಿದೆ. ಇಬ್ಬರು ಮಾಜಿ ಸೈನಿಕರು, ಒಬ್ಬರು ನಿವೃತ್ತ ಎಎಸ್‌ಐ. ಮೂವರೂ ಯಾವ ವೃತ್ತಿಸಂಘದ ಸದಸ್ಯರೂ ಅಲ್ಲ, ಒಬ್ಬರಿಗೊಬ್ಬರ ಪರಿಚಯವೂ ಇಲ್ಲ. ಒಬ್ಬರ ಕ್ಯಾಂಪಸ್‌ನಲ್ಲಿ ಕಲಿತ ಪಾಠ ಪಕ್ಕದ ಕ್ಯಾಂಪಸ್‌ಗೆ ದಾಟುವುದೇ ಇಲ್ಲ.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದು. ಏಳು ಜನ ಸೇರಿದರೆ ಸಂಘ ಕಟ್ಟಬಹುದು. ಮೈಸೂರು, ಧಾರವಾಡ, ಮಂಗಳೂರು, ಕಲಬುರಗಿ, ಬೆಂಗಳೂರು, ಇಷ್ಟರಲ್ಲೇ ಏಳು ಸೆಕ್ಯುರಿಟಿ ಆಫೀಸರ್‌ಗಳು ಸಿಗುವುದಿಲ್ಲವೇ? ನಿಯಮಗಳನ್ನು ಅವರೇ ಬರೆಯಲಿ. ಆದರೆ ನೆರೆಮನೆಯ ಹಿರಿಯರ ಕರಡು ಓದಿದ ಮೇಲೆ ಎರಡು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಏಜೆನ್ಸಿ ಮಾಲೀಕರಿಗೆ ಮತ ಇರಕೂಡದು. ಮತ ಕೊಟ್ಟ ದಿನ ಅದು ಟೆಂಡರ್‌ದಾರರ ಸಂಘ ಆಗುತ್ತದೆ. ಎರಡನೆಯದು, ಗೇಟಿನ ಗಾರ್ಡ್‌ಗೂ ಸದಸ್ಯತ್ವ ಬೇಕು, ಅವರ ಕೈಗೆಟುಕುವ ಶುಲ್ಕದಲ್ಲಿ. ಇಲ್ಲಿನ ದೊಡ್ಡ ಸಂಘದ ಹೆಸರಲ್ಲೇ ಆಡಳಿತಗಾರರು ಎಂದಿದೆ. ಅದನ್ನು ಹಾಗೇ ನಕಲು ಮಾಡಿದರೆ ನಮ್ಮಲ್ಲಿ ಪ್ರಯೋಜನವಿಲ್ಲ.

ಬೈಲಾ, ನಡಾವಳಿ, ತರಬೇತಿ ಪುಸ್ತಕ ಎಲ್ಲವೂ ಕನ್ನಡದಲ್ಲಿರಬೇಕು ಎಂದು ಬೇರೆ ಹೇಳಬೇಕೇ? ಹೇಳಲೇಬೇಕು. ಹಳ್ಳಿಯಿಂದ ಮಗಳನ್ನು ನೋಡಲು ಬಂದ ತಾಯಿಗೆ ಗೇಟಿನಲ್ಲಿ ಕನ್ನಡದ ಉತ್ತರ ಸಿಗಬೇಕು, ಅದು ಸುರಕ್ಷತೆಯ ಭಾಗವೇ. ಅಸ್ಸಾಮಿನಿಂದಲೋ ನೇಪಾಳದಿಂದಲೋ ಬಂದು ಕಾವಲು ಕಾಯುವ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ನಾನೂ ಹೊಟ್ಟೆಪಾಡಿಗೆ ಊರು ಬಿಟ್ಟವನೇ. ಅವನಿಗೆ ಕನ್ನಡ ಕಲಿಸುವ ಹೊಣೆ ಏಜೆನ್ಸಿಯದು ಎಂದು ಸಂಘ ಟೆಂಡರ್ ಷರತ್ತಿನಲ್ಲೇ ಬರೆಸಬಹುದು.

ಸಂಘಕ್ಕೆ ಸೇರಿದ ಗಾರ್ಡ್‌ನನ್ನು ಮರುದಿನವೇ ಮನೆಗೆ ಕಳಿಸುತ್ತಾರೆ ಎಂದು ನನ್ನ ತಮ್ಮ ಹೇಳಿದ. ಸುಳ್ಳಲ್ಲ. ಅದಕ್ಕೇ ಮೊದಲು ಖಾಯಂ ನೌಕರಿಯಲ್ಲಿರುವ ಆಫೀಸರ್‌ಗಳು ಮುಂದೆ ಬರಬೇಕು, ಅವರ ಬೆನ್ನಿಗೆ ಹಳೆಯ ವಿದ್ಯಾರ್ಥಿಗಳಾದ ನಾವು ನಿಲ್ಲಬೇಕು. ಸಭಾಂಗಣಕ್ಕೆ, ಕಂಪ್ಯೂಟರ್ ಲ್ಯಾಬ್‌ಗೆ, ಕ್ಯಾಮೆರಾಗೆ ದುಡ್ಡು ಕಳಿಸಿ ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳುತ್ತೇವೆ. ಒಂದು ಸಂಘದ ನೋಂದಣಿಗೆ, ವರ್ಷಕ್ಕೊಂದು ತರಬೇತಿ ಶಿಬಿರಕ್ಕೆ ಬೇಕಾಗುವುದು ಅದರ ಒಂದು ಸಣ್ಣ ಪಾಲು. ಕೊಡುವಾಗ ನಾವೂ ಒಂದು ಷರತ್ತು ಹಾಕಬಹುದು: ಕ್ಯಾಂಪಸ್‌ನಲ್ಲಿ ನಡೆದ ಅಪರಾಧಗಳ ವರದಿಯನ್ನು ಪ್ರತಿ ವರ್ಷ ಕನ್ನಡದಲ್ಲಿ ಪ್ರಕಟಿಸಿ.

ಕಳೆದ ವಾರ ನನ್ನ ಕಾಲೇಜಿಗೆ ಒಂದು ಪತ್ರ ಬರೆದೆ, ಕನ್ನಡದಲ್ಲೇ. ನಿಮ್ಮ ಗಾರ್ಡ್‌ಗಳಿಗೆ ಎಷ್ಟು ಗಂಟೆಯ ತರಬೇತಿ ಆಗಿದೆ, ರಾತ್ರಿ ದೂರು ಬಂದರೆ ಅವರು ಯಾರಿಗೆ ತಿಳಿಸಬೇಕು, ನಿಮ್ಮ ಸೆಕ್ಯುರಿಟಿ ಆಫೀಸರ್ ಒಂದು ವೃತ್ತಿಸಂಘ ಕಟ್ಟಲು ಬಂದರೆ ಒಂದು ದಿನದ ರಜೆ ಕೊಡುತ್ತೀರಾ ಎಂದು ಮೂರೇ ಪ್ರಶ್ನೆ. ಎರಡೇ ದಿನದಲ್ಲಿ ಉತ್ತರ ಬಂತು, ಇಂಗ್ಲಿಷ್‌ನಲ್ಲಿ: ಈ ವರ್ಷದ ಸೆಕ್ಯುರಿಟಿ ಟೆಂಡರ್ ಮುಗಿದಿದೆ, ಮುಂದಿನ ವರ್ಷ ಅರ್ಜಿ ಹಾಕಿ. ನಾನು ಏಜೆನ್ಸಿಯವನು ಎಂದುಕೊಂಡಿದ್ದಾರೆ! ನಾಳೆ ಮತ್ತೆ ಬರೆಯುತ್ತೇನೆ. ನೀವೂ ನಿಮ್ಮ ನಿಮ್ಮ ಕಾಲೇಜಿಗೆ ಇವೇ ಮೂರು ಪ್ರಶ್ನೆ ಬರೆಯಿರಿ, ಬಂದ ಉತ್ತರವನ್ನು ನನಗೂ ಕಳಿಸಿ.